ಮಳೆಗಾಲದ ಜೇನು

ಸೋಮವಾರ ಬೆಳಗ್ಗೆ ಕಚೇರಿಗೆ ಹೊರಟು ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ರೇವಣಸಿದ್ದಪ್ಪ, ಅಕ್ಕನ ಮಾತು ಕಿವಿಗೆ ಬಿದ್ದದ್ದೇ ಒಂದು ಗುಂಡಿಯನ್ನು ತಪ್ಪು ತೂತಿಗೆ ತೂರಿಸಿ, ತಪ್ಪಿದೆಯೆಂದು ಗೊತ್ತಿದ್ದೂ ಉಳಿದವನ್ನೆಲ್ಲ ಹಾಗೆಯೇ ಹಾಕುತ್ತ ಹೋದ. ಕೊನೆಗೆ ಕೆಳಗೊಂದು ತೂತು ಮಿಕ್ಕಿತು. ಅಕ್ಕ ಶಿವಕ್ಕ ಹೇಳಿದ್ದು ದೊಡ್ಡ ಮಾತೇನಲ್ಲ. ಅಡಿಗೆಮನೆಯ ಹೊಸ್ತಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತ, ತಲೆಯೆತ್ತದೆ, ದಿನವೂ ಆಡುವ ಮಾತಿನ ಹಾಗೆಯೇ ಆಡಿದ್ದಳು. "ಸಂಕ್ರಾಂತಿ ಆದ ಮ್ಯಾಲೆ ಊರಿಂದ ಅಯ್ಯನೋರು ಬರ್ತಾರಂತ. ಇನ್ನೊಂದು ಸೀಸೆ ಜೇನು ಐತಲ್ಲ, ಅವರ ಕೈಯಾಗ ಮಠಕ್ಕ ಕಳಸಾಣ. ಪ್ಯಾಟಿ ಜೇನಾಗ ಸಕ್ಕರಿ ಬೆರಸಿರ್ತಾರಂತ. ಅಂಥದ್ದು ಅಭಿಷೇಕಕ್ಕ ಬ್ಯಾಡ." ಅವನು ಹೂಂ ಅಂದ. ಹೂಂ ಅನ್ನುವುದು ಅವನಿಗೆ ಈಚೆಗೆ ಉಸಿರಾಡಿದಷ್ಟೇ ಸಲೀಸಾಗಿತ್ತು. ಗುಂಡಿಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿಕೊಳ್ಳುವಾಗ ಹೆಂಡತಿ ಜಗದಾಂಬಾ ಒಲೆಯ ಮುಂದಿನಿಂದ ತಿರುಗಿ ಅವನ ಮುಖವನ್ನೊಮ್ಮೆ ನೋಡಿದಳು. ಅವಳಿಗೂ ಗೊತ್ತಿತ್ತು. ಗೊತ್ತಿದ್ದ ಇಬ್ಬರೂ ಒಂದೇ ಮನೆಯಲ್ಲಿ ಎರಡು ತಿಂಗಳಿನಿಂದ ಉಣ್ಣುತ್ತ, ಮಲಗುತ್ತ, ಅವರೆಕಾಳಿನ ರುಚಿಯ ಬಗ್ಗೆ ಮಾತಾಡುತ್ತ ಇದ್ದರು.

ಶಿವಕ್ಕ ಬಿಳಿ ಸಕ್ಕರೆ ಮುಟ್ಟುವುದನ್ನು ಬಿಟ್ಟು ಮೂವತ್ತು ವರ್ಷ ಮೇಲಾಗಿತ್ತು. ಹರಿಹರದ ಹತ್ತಿರದ ಅವರ ಹಳ್ಳಿಗೆ ಬಂದಿದ್ದ ಒಬ್ಬ ಅಯ್ಯನವರು, ಕಾರ್ಖಾನೆಯಲ್ಲಿ ಸಕ್ಕರೆಯನ್ನು ಬೆಳ್ಳಗೆ ಮಾಡುವುದಕ್ಕೆ ಸುಟ್ಟ ಮೂಳೆಯ ಪುಡಿ ಹಾಕುತ್ತಾರೆ ಎಂದು ಹೇಳಿಹೋಗಿದ್ದರು. ಊರಲ್ಲಿ ನಾಲ್ಕಾರು ಮನೆಯವರು ಒಂದು ತಿಂಗಳು ಬಿಟ್ಟರು, ಆಮೇಲೆ ಮರೆತರು. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಶಿವಕ್ಕ ಮರೆಯಲಿಲ್ಲ. ಅವಳು ನೇಮವೆಂದು ಕರೆದದ್ದೂ ಇಲ್ಲ, ನಂಗ ಆಗಂಗಿಲ್ಲ ಅಂತ ಅಷ್ಟೇ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿ, ಅವನಿಗೆ ಬೆಂಗಳೂರಿನಲ್ಲಿ ಕೆಲಸವಾದಾಗ ಹಂಚಿದ ಪೇಡೆಯನ್ನು ಮಾತ್ರ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟಿದ್ದಳು. ಅವನ ಮದುವೆಯಲ್ಲಿ ಬೆಲ್ಲದ ಹೋಳಿಗೆ ಬರುವ ತನಕ ಎಲೆಯ ಮುಂದೆ ಸುಮ್ಮನೆ ಕೂತಿದ್ದಳು. ವಿಜಯನಗರದ ಈ ಮನೆಗೆ ಬಂದ ಮೇಲೆ ಬೆಲ್ಲದ ಚಹಾ ಎಷ್ಟೋ ದಿನ ಒಡೆದುಹೋಗುತ್ತಿತ್ತು, ಒಡೆದದ್ದನ್ನೇ ಕುಡಿಯುತ್ತಿದ್ದಳು. ಅಂಗೈ ಮೇಲೆ ಲಿಂಗವಿಟ್ಟುಕೊಂಡು ಬೆಳಗ್ಗೆ, ಸಂಜೆ ಪೂಜೆ ಮಾಡಿ, ಅದಕ್ಕೊಂದು ಚೂರು ಬೆಲ್ಲ ತೋರಿಸಿ ಬಾಯಿಗೆ ಹಾಕಿಕೊಳ್ಳುವುದು ಅವಳ ರೂಢಿ. ತಮ್ಮ ಜೇನುಪೆಟ್ಟಿಗೆ ತಂದಿಟ್ಟ ಮೇಲೆ ಬೆಲ್ಲದ ಜಾಗಕ್ಕೆ ಜೇನು ಬಂದಿತ್ತು. ನಮ್ಮ ರೇವಣ್ಣನ ಹುಳದ್ದು ಎಂದು ಬಂದವರಿಗೆಲ್ಲ ಹೇಳುವಾಗ, ಅರವತ್ತು ದಾಟಿದ ಆ ಮುಖ ಅಷ್ಟಿಷ್ಟು ಅರಳುತ್ತಿತ್ತು. ಅವನ ಬಗ್ಗೆ ಹೇಳಿಕೊಳ್ಳುವುದಕ್ಕೆ ಅವಳಿಗೆ ಬೇರೆ ಹೆಚ್ಚೇನೂ ಸಿಕ್ಕಿರಲಿಲ್ಲ.

ಬಸ್ಸಿನಲ್ಲಿ ಮಾಗಡಿ ರಸ್ತೆಯ ಧೂಳು ಕುಡಿಯುತ್ತ ನಿಂತವನಿಗೆ, ಇದೆಲ್ಲ ಶುರುವಾದದ್ದು ಒಬ್ಬ ಡಾಕ್ಟರಿಂದ ಎಂಬುದು ನೆನಪಾಗಿ ಸಿಟ್ಟು ಬಂತು. ಎದೆಯಲ್ಲಿ ಏನೋ ಭಾರ, ನಿದ್ದೆ ಸರಿಯಿಲ್ಲ ಎಂದು ತೋರಿಸಲು ಹೋದಾಗ ಅವರು ಔಷಧಿ ಬರೆಯದೆ, ಯಾವುದಾದರೂ ಒಂದು ಹವ್ಯಾಸ ಇಟ್ಟುಕೊಳ್ಳಿ ಎಂದಿದ್ದರು. ನಲವತ್ತೆಂಟು ವರ್ಷದ, ಹಳೆಯ ಕಡತಗಳ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೂತ ಗುಮಾಸ್ತ ಎಂಥ ಹವ್ಯಾಸ ಇಟ್ಟುಕೊಂಡಾನು? ಯಾವುದೋ ವಸ್ತುಪ್ರದರ್ಶನದಲ್ಲಿ ಜೇನುಪೆಟ್ಟಿಗೆ ಕಂಡಿತು. ಕೆಳಗಿನ ಕೋಣೆ ಹುಳಗಳ ಸಂಸಾರಕ್ಕೆ, ಮೇಲಿನ ಕೋಣೆ ಜೇನಿಗೆ, ಮೇಲಿನದ್ದು ಮಾತ್ರ ನಮ್ಮದು ಎಂದು ಅಲ್ಲಿ ವಿವರಿಸಿದವನು ಮೂಡಲಪಾಳ್ಯದ ದೊಡ್ಡಹನುಮಯ್ಯ. ಆ ಲೆಕ್ಕ ಅವನಿಗೆ ಹಿಡಿಸಿತು. ದೊಡ್ಡಹನುಮಯ್ಯನೇ ಒಂದು ಭಾನುವಾರ ಸೈಕಲ್ಲಿನ ಕ್ಯಾರಿಯರಿನಲ್ಲಿ ಹುಳ ತುಂಬಿದ ಪೆಟ್ಟಿಗೆ ಕಟ್ಟಿಕೊಂಡು ಬಂದು, ಹಿತ್ತಿಲಲ್ಲಿ ನುಗ್ಗೆಮರದ ಕೆಳಗೆ ನಾಲ್ಕು ಕಾಲಿನ ಮಣೆಯ ಮೇಲೆ ಕೂರಿಸಿ, ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಳಿಸಿ ಹೋದ. ಮೊದಲನೆಯ ವಾರವೇ ರೇವಣಸಿದ್ದಪ್ಪನ ಎಡಗಣ್ಣಿನ ರೆಪ್ಪೆಗೆ ಒಂದು ಹುಳ ಕಚ್ಚಿ ಮುಖ ಊದಿತು. ಕಚೇರಿಯಲ್ಲಿ, ಮನೆಯವ್ರು ಲಟ್ಟಣಿಗೆ ಬದಲಾಯಿಸಿದಾರಾ ಎಂದು ಕೇಳಿದವರು ಅವನಿಗಿಂತ ಆರು ವರ್ಷ ಚಿಕ್ಕವರಾದ, ಅವನಿಗೆ ಬರಬೇಕಾಗಿದ್ದ ಬಡ್ತಿಯ ಕುರ್ಚಿಯಲ್ಲಿ ಕೂತಿದ್ದ ಸೂಪರಿಂಟೆಂಡೆಂಟ್ ಕರಿಬಸಪ್ಪನವರು. ಎಲ್ಲರ ಜೊತೆ ಅವನೂ ನಕ್ಕ. ನಗುವಾಗ ಕಣ್ಣು ನೋಯುತ್ತಿತ್ತು.

ಆದರೂ ಆ ಮೊದಲ ಬೇಸಿಗೆ ಅವನಿಗೆ ಒಳ್ಳೆಯದೇ ಆಗಿತ್ತು. ಸುತ್ತಮುತ್ತ ಹೊಂಗೆ ಹೂ ಬಿಟ್ಟು ನೆಲವೆಲ್ಲ ಬಿದ್ದು, ಹುಳಗಳು ಸಂಜೆಯ ತನಕ ಹೋಗಿ ಬಂದು, ಮೇಲಿನ ಕೋಣೆಯ ಚೌಕಟ್ಟುಗಳಲ್ಲಿ ಮೇಣದ ಎರಿ ಕಟ್ಟಿ ತುಂಬಿದವು. ಕಪ್ಪುಕೆಂಪು ಬಣ್ಣದ, ನುಂಗಿದ ಮೇಲೆ ನಾಲಗೆಯ ಕೊನೆಯಲ್ಲಿ ಚೂರು ಕಹಿ ಉಳಿಸುವ ಜೇನು ಎರಡು ಸೀಸೆ ಬಂತು. ಅವನ ಆಯುಷ್ಯದಲ್ಲಿ ಅವನು ಮಾಡಿದ ಅಪ್ಪಟ ವಸ್ತು ಅದೊಂದೇ. ಪಕ್ಕದ ಮನೆಯ ಅಂಜನಮ್ಮ ಅದನ್ನು ಪರೀಕ್ಷೆಗೆ ಹಚ್ಚಿದಳು. ಅಪ್ಪಟ ಜೇನನ್ನು ನಾಯಿ ತಿನ್ನುವುದಿಲ್ಲವೆಂದು ಅವರ ಕಡೆ ನಂಬಿಕೆ. ಒಂದು ಚೂರು ರೊಟ್ಟಿಗೆ ಹಚ್ಚಿ ತನ್ನ ನಾಯಿಯ ಮುಂದೆ ಹಾಕಿದರೆ ಆ ಹೊಟ್ಟೆಬಾಕ ರೊಟ್ಟಿಯಿರಲಿ, ಅದು ಬಿದ್ದಿದ್ದ ಕಲ್ಲನ್ನೂ ನೆಕ್ಕಿ ಬಾಲ ಆಡಿಸಿತು. ಅಂಜನಮ್ಮ, ಬೆಲ್ಲದ ವಾಸನೆ ಅಲ್ವಾ ಸಾರ್ ಎಂದು ಮಾತ್ರ ಕೇಳಿ, ಕೊಟ್ಟಿದ್ದ ಲೋಟದ ಜೇನನ್ನು ತಿಂಗಳಾದರೂ ಮುಟ್ಟದೆ ಇಟ್ಟು, ಇರುವೆ ಬಂತೆಂದು ಚೆಲ್ಲಿದಳು. ಶಿವಕ್ಕ ಒಬ್ಬಳೇ ಆ ಕಹಿಯನ್ನು ಚಪ್ಪರಿಸಿ, ಹೂವಿನ ಕಹಿ ಇದು, ಸುಳ್ಳು ಹೇಳಂಗಿಲ್ಲ ಎಂದಿದ್ದಳು.

ಆಮೇಲೆ ಮಳೆಗಾಲ ಬಂತು. ಮಳೆಗಾಲದಲ್ಲಿ ಹೂವಿಲ್ಲ, ಹೂವಿಲ್ಲದೆ ಹುಳಕ್ಕೆ ಅನ್ನವಿಲ್ಲ, ಸಕ್ಕರೆ ಪಾಕ ಕೊಡಬೇಕು, ಇಲ್ಲದಿದ್ದರೆ ಗೂಡು ಬಿಟ್ಟು ಹೋಗುತ್ತವೆ ಅಥವಾ ಒಳಗೇ ಸಾಯುತ್ತವೆ ಎಂದು ದೊಡ್ಡಹನುಮಯ್ಯ ಹೇಳಿಕೊಟ್ಟಿದ್ದ. ತೆಂಗಿನ ಚಿಪ್ಪಿನಲ್ಲಿ ಪಾಕ ಹೊಯ್ದು, ಹುಳ ಮುಳುಗದಂತೆ ನಾಲ್ಕು ಹುಲ್ಲುಕಡ್ಡಿ ಹಾಕಿ, ಸಂಜೆ ಹೊತ್ತು ಪೆಟ್ಟಿಗೆಯೊಳಗೆ ಇಡಬೇಕು. ಹುಚ್ಚೆಳ್ಳು ಹೂ ಬಿಟ್ಟ ಕೂಡಲೆ ನಿಲ್ಲಿಸಬೇಕು, ಮಳೆಗಾಲಕ್ಕೆ ತೆಗೆದಿಟ್ಟ ಮೇಲಿನ ಕೋಣೆಯನ್ನು ಮತ್ತೆ ಇಟ್ಟ ಮೇಲಂತೂ ಒಂದು ತೊಟ್ಟೂ ಕೊಡಕೂಡದು. ಇದನ್ನೂ ಹೇಳಿದ್ದ, ಎರಡು ಸಲ ಹೇಳಿದ್ದ. ರೇಷನ್ ಅಂಗಡಿಯ ಸಾಲಿನಲ್ಲಿ ಅರ್ಧ ದಿನ ನಿಂತು ತಂದ ಸಕ್ಕರೆ ಚಿಪ್ಪು ಚಿಪ್ಪಾಗಿ ಪೆಟ್ಟಿಗೆಗೆ ಹೋಗುವುದನ್ನು ನೋಡಿ ಜಗದಾಂಬಾ, ಮನೇಲಿ ಇಬ್ರು ಸಕ್ಕರೆ ಇಲ್ದೆ ಕಾಫಿ ಕುಡಿಯೋದು, ನೊಣಕ್ಕೆ ಪಾಯಸ ಎಂದು ಗೊಣಗುತ್ತಿದ್ದಳು. ಭಾದ್ರಪದ ಕಳೆದು ಹುಚ್ಚೆಳ್ಳಿನ ಕಾಲ ಬಂದಾಗ ಅವನು ಅತ್ತಿಗುಪ್ಪೆಯ ಕಡೆ ನಡೆದುಹೋಗಿ ನೋಡಿದ. ಹೋದ ವರ್ಷ ಹಳದಿ ತುಂಬಿದ್ದ ಹೊಲಗಳಲ್ಲಿ ಸೈಟಿನ ಕಲ್ಲು ನೆಟ್ಟಿದ್ದರು. ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ತಾನಾಗಿ ಹುಟ್ಟಿದ ಗಿಡ ಹೂಬಿಟ್ಟು ನಿಂತಿತ್ತು, ಅಷ್ಟೇ. ಮನೆಗೆ ಬಂದರೆ ಶಿವಕ್ಕ ಪೂಜೆಯ ಮುಂದೆ ಕೂತು, ಹೊಂಗೆಜೇನಿನ ಸೀಸೆಯೊಳಗೆ ಕಿರುಬೆರಳು ಇಳಿಸಿ ತಳ ಕೆರೆಯುತ್ತಿದ್ದಳು. ಮುಗಿಯಿತು, ಬೇಕು ಎಂದು ಅವಳು ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಇಲ್ಲ ಎನ್ನಲು ಬರುತ್ತಿತ್ತೋ ಏನೋ. ಮಾರನೆಯ ದಿನವೇ ಮೇಲಿನ ಕೋಣೆ ಇಟ್ಟ. ಚಿಪ್ಪನ್ನು ತೆಗೆಯಲಿಲ್ಲ. ಒಂದಿದ್ದದ್ದನ್ನು ಎರಡು ಮಾಡಿದ. ಹುಳಕ್ಕೆ ಶಕ್ತಿ ಬರಲಿ ಎಂದು ತನಗೆ ತಾನೇ ಹೇಳಿಕೊಂಡದ್ದು ಅವನಿಗೆ ಅಕ್ಷರ ಅಕ್ಷರ ನೆನಪಿದೆ. ತಾನು ಕಲಿಯುವವನು, ಕಲಿಯುವವನಿಗೆ ತಪ್ಪು ಮಾಡುವ ಹಕ್ಕಿದೆ ಎಂದೂ ಹೇಳಿಕೊಂಡಿದ್ದ.

ಟೋಲ್‌ಗೇಟಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ಇಳಿದವರೆಲ್ಲ ಡ್ರೈವರನ್ನು ಬಯ್ಯುತ್ತಿದ್ದರೆ ರೇವಣಸಿದ್ದಪ್ಪನಿಗೆ ಸಮಾಧಾನವಾಯಿತು, ತಡವಾಗಿ ಹೋಗಲು ಒಂದು ನಿಜವಾದ ಕಾರಣ ಸಿಕ್ಕಿತ್ತು. ದೀಪಾವಳಿಯ ದಿನವೂ ಹೀಗೆ ದಾರಿಯಲ್ಲಿ ನಿಂತೇ ಅವನಿಗೆ ವಿಷಯ ಗೊತ್ತಾದದ್ದು. ಅದರ ಹಿಂದಿನ ವಾರ ಜೇನು ತೆಗೆದಿದ್ದ. ನಾಲ್ಕು ಸೀಸೆ, ತಿಳಿಯಾಗಿ, ಮಂದವಾಗಿ, ಬಾಯಿಗಿಟ್ಟರೆ ಬರೀ ಸಿಹಿ. ಯಾವ ಹೂವಿನ ವಾಸನೆಯೂ ಇಲ್ಲದ ಸಿಹಿ. ಆಗಲೇ ಅವನ ನಾಲಗೆಗೆ ತಿಳಿದಿತ್ತು, ತಲೆಗೆ ತಿಳಿಯುವುದನ್ನು ಅವನು ಮುಂದಕ್ಕೆ ಹಾಕಿದ. ಮೊದಲನೆಯ ಸೀಸೆ ಅಕ್ಕನಿಗೆ, ಒಂದು ಕರಿಬಸಪ್ಪನವರಿಗೆ, ಒಂದು ಅಂಜನಮ್ಮನಿಗೆ. ಅಂಜನಮ್ಮನ ನಾಯಿ ಆ ಹೊತ್ತಿಗೆ ಹಬ್ಬದ ಎಂಜಲೆಲೆ ಮುಗಿಸಿ ಬಂದು ಬಿದ್ದುಕೊಂಡಿತ್ತು. ರೊಟ್ಟಿಯನ್ನು ಮೂಸಿ ಮುಖ ತಿರುಗಿಸಿತು. ಇದು ನೋಡಿ ಜೇನು ಅಂದ್ರೆ ಎಂದು ಅಂಜನಮ್ಮ ಬೀದಿಗೆಲ್ಲ ಹೇಳಿದಳು. ಎರಿಯಿಂದ ಜೇನು ತೆಗೆಯುವ ತನ್ನ ಡ್ರಮ್ಮನ್ನು ವಾಪಸು ಒಯ್ಯಲು ಬಂದಿದ್ದ ದೊಡ್ಡಹನುಮಯ್ಯನನ್ನು ಕಳಿಸಲು ರಸ್ತೆಯ ತನಕ ಹೋದಾಗ, ಅವನು ಡ್ರಮ್ಮಿನ ಅಂಚಿಗೆ ಅಂಟಿದ್ದದ್ದನ್ನು ಬೆರಳಲ್ಲಿ ತೆಗೆದು ನೆಕ್ಕಿ, ಸೈಕಲ್ಲನ್ನು ನಿಲ್ಲಿಸಿದ.

"ಪಾಕ ಯಾವಾಗ ನಿಲ್ಲಿಸಿದ್ರಿ ಸ್ವಾಮಿ?"

ರೇವಣಸಿದ್ದಪ್ಪ ಹೇಳಿದ.

"ಅಂಗಾದ್ರೆ ಇದು ಜೇನಲ್ಲ. ನೀವಿಟ್ಟ ಸಕ್ಕರೇನ ಹುಳ ಕೆಳಗಿಂದ ಮೇಲಕ್ಕೆ ಸಾಗ್ಸವೆ, ಅಷ್ಟೆ. ತಿನ್ನಕೇನೂ ಮೋಸ ಇಲ್ಲ ಬಿಡಿ, ಜೇನು ಅಂತ ಮಾತ್ರ ಯಾರಿಗೂ ಕೊಡಬ್ಯಾಡಿ."

ಯಾರಿಗೂ ಕೊಟ್ಟಿಲ್ಲ, ಮನೆಗಷ್ಟೇ ಎಂದು ರೇವಣಸಿದ್ದಪ್ಪ ಅಂದುಬಿಟ್ಟ. ದೊಡ್ಡಹನುಮಯ್ಯ ಒಳ್ಳೆದು ಎಂದು ಸೈಕಲ್ ಹತ್ತಿದ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, ಗೊತ್ತಿಲ್ದೆ ತಿಂದಿದ್ದಕ್ಕೆ ದೋಷ ಇಲ್ಲ, ನೀವೀಗ ಹೇಳಿದ್ರೇನೇ ದೋಷ ಎಂದಳು. ಅದು ಬುದ್ಧಿವಂತಿಕೆಯ ಮಾತಾಗಿತ್ತು. ಜೊತೆಗೆ ಭಯವೂ ಇತ್ತು. ಹಿಂದೊಮ್ಮೆ ರಾಜಾಜಿನಗರದ ನೆಂಟರ ಗೃಹಪ್ರವೇಶದಲ್ಲಿ ಬೆಲ್ಲದ್ದೆಂದು ಬಡಿಸಿದ ಪಾಯಸಕ್ಕೆ ಸಕ್ಕರೆ ಹಾಕಿದ್ದಾರೆಂದು ಊಟವಾದ ಮೇಲೆ ಯಾರೋ ಬಾಯಿ ತಪ್ಪಿ ಅಂದಿದ್ದರು. ಶಿವಕ್ಕ ಮನೆಗೆ ಬಂದು ತಣ್ಣೀರು ಸ್ನಾನ ಮಾಡಿ ಮೂರು ದಿನ ಬರೀ ನೀರು ಕುಡಿದು ಕೂತಳು. ಮೂರನೆಯ ದಿನ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದುಕೊಂಡ ಅವಳ ಕೈ ಅವನಿಗೆ ಈಗಲೂ ಕಾಣುತ್ತದೆ. ಆಗ ಒಂದು ಬಟ್ಟಲು ಪಾಯಸ. ಈಗ ದಿನಕ್ಕೆರಡು ಸಲ, ಲಿಂಗಕ್ಕೆ ತೋರಿಸಿ. ರಕ್ತದೊತ್ತಡದ ಮಾತ್ರೆ ನುಂಗುವ ಹೆಂಗಸು ಈ ಸಲ ಎಷ್ಟು ದಿನ ನೀರು ಕುಡಿದು ಕೂತಾಳು ಎಂಬ ಲೆಕ್ಕ ಮಾಡಿ ಅವನು ಬಾಯಿ ಮುಚ್ಚಿದ್ದ. ಅಕ್ಕನ ಮೇಲಿನ ಪ್ರೀತಿಯಿಂದ ಮುಚ್ಚಿದ್ದೇನೆ ಎಂದುಕೊಂಡರೆ ಒಂದೆರಡು ದಿನ ನಿದ್ದೆ ಬರುತ್ತಿತ್ತು. ಆಮೇಲೆ ಮತ್ತೆ ಬರುತ್ತಿರಲಿಲ್ಲ.

ಕಚೇರಿಗೆ ಹೋದಾಗ ಹನ್ನೊಂದು ದಾಟಿತ್ತು. ತಡವಾದದ್ದಕ್ಕೆ ಬಯ್ಯಿಸಿಕೊಳ್ಳಲು ಸಿದ್ಧನಾಗಿ ಕರಿಬಸಪ್ಪನವರ ಮೇಜಿನ ಮುಂದೆ ನಿಂತರೆ ಅವರು ಬಯ್ಯಲಿಲ್ಲ. ಬಂದಿದ್ದ ಇಬ್ಬರು ಅತಿಥಿಗಳಿಗೆ ಇವನನ್ನು ತೋರಿಸಿ, ಇವರೇ ನೋಡಿ ನಮ್ಮ ಜೇನಿನವರು ಎಂದರು. ಬೆಳಗ್ಗೆ ಬಿಸಿನೀರಿಗೆ ಇವರ ಜೇನು ಹಾಕಿಕೊಂಡು ಕುಡಿದ ಮೇಲೆ ತಮ್ಮ ಗಂಟಲ ಕಫ ಹೋಯಿತಂತೆ. ನೀರಿಗೆ ಬಿಟ್ಟರೆ ದಾರದ ಹಾಗೆ ಇಳಿದು ತಳ ಹಿಡಿಯುತ್ತದಂತೆ. "ಕೆಲಸ ಸ್ವಲ್ಪ ನಿಧಾನ ಇರಬಹುದು," ಎಂದು ಅವರು ಕೊನೆಗೆ ಹೇಳಿದರು, "ಆದ್ರೆ ರೇವಣಸಿದ್ದಪ್ಪನವರ ಕೈಯಲ್ಲಿ ಕಲಬೆರಕೆ ಅನ್ನೋದು ಇಲ್ಲ." ಹತ್ತೊಂಬತ್ತು ವರ್ಷದಲ್ಲಿ ಆ ಕಚೇರಿಯಲ್ಲಿ ಅವನ ಬಗ್ಗೆ ಯಾರಾದರೂ ಎಲ್ಲರೆದುರು ಆಡಿದ ಒಳ್ಳೆಯ ಮಾತು ಇದೊಂದೇ. ಅದಕ್ಕೆ ಅವನು ಹಲ್ಲು ಕಿರಿದು ತಲೆಯಾಡಿಸಿದ. ತಲೆಯಾಡಿಸಿದ್ದು ಅವನಿಗೇ ಕಂಡಿತು, ಎದುರಿಗೆ ಕನ್ನಡಿ ಇಟ್ಟಷ್ಟು ಚೆನ್ನಾಗಿ ಕಂಡಿತು, ಹೇಸಿಗೆಯಾಯಿತು. ತನ್ನ ಜಾಗಕ್ಕೆ ಹೋಗಿ ಕಡತವೊಂದನ್ನು ಬಿಚ್ಚಿ ಮತ್ತೆ ಕಟ್ಟಿದ. ಮಠದ ಗದ್ದುಗೆಯ ಮೇಲೆ, ಹಾಲು ಮೊಸರು ತುಪ್ಪದ ನಂತರ, ತನ್ನ ಸೀಸೆಯಿಂದ ರೇಷನ್ ಅಂಗಡಿಯ ಸಕ್ಕರೆ ಇಳಿಯುವುದು, ಅಕ್ಕ ಊರಿಗೆ ಹೋದಾಗ ನಾಲ್ಕು ಜನ ಅವಳಿಗೆ ನಿನ್ನ ತಮ್ಮನ ಜೇನು ಎಂದು ಹೇಳುವುದು, ಅವಳು ಮುಖ ಅರಳಿಸುವುದು, ಎಲ್ಲವೂ ಕಡತದ ಕೆಂಪು ದಾರದ ಗಂಟಿನೊಳಗೆ ಕಂಡವು. ಇಲ್ಲಿಯ ತನಕ ಅದು ಮನೆಯೊಳಗಿನ ಮಾತಾಗಿತ್ತು. ಮೈಗೆ ಸರಿಯಿಲ್ಲವೆಂದು ಚೀಟಿ ಬರೆದಿಟ್ಟು ಅರ್ಧ ದಿನಕ್ಕೇ ಹೊರಬಿದ್ದ. ಚೀಟಿಯಲ್ಲಿ ಬರೆದದ್ದು ಅಷ್ಟೇನೂ ಸುಳ್ಳಾಗಿರಲಿಲ್ಲ.

ಮನೆಯಲ್ಲಿ ಜಗದಾಂಬಾ ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದಳು. ಶಿವಕ್ಕ ನಡುಮನೆಯಲ್ಲಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಅವನು ಕಪಾಟಿನಿಂದ ಉಳಿದಿದ್ದ ಸೀಸೆಯನ್ನು ತೆಗೆದುಕೊಂಡು ಹಿತ್ತಿಲಿಗೆ ಹೋದ. ಕೈಜಾರಿ ಒಡೆಯಿತು ಎಂದರೆ ಮುಗಿಯಿತು. ಒಬ್ಬ ಮನುಷ್ಯನ ಕೈಯಿಂದ ಒಂದು ಸೀಸೆ ಜಾರುವುದಕ್ಕಿಂತ ಸಹಜವಾದದ್ದು ಲೋಕದಲ್ಲಿ ಏನಿದೆ? ನುಗ್ಗೆಮರದ ಕೆಳಗೆ ಪೆಟ್ಟಿಗೆಯ ಬಾಯಲ್ಲಿ ಹುಳಗಳು ಹೋಗಿಬರುತ್ತಿದ್ದವು. ಈಗ ಎಲ್ಲೋ ನೀಲಗಿರಿ ಹೂ ಬಿಟ್ಟಿರಬೇಕು, ಕಾಲಿಗೆ ಬಿಳಿಚಿದ ಪುಡಿ ಮೆತ್ತಿಕೊಂಡು ಬರುತ್ತಿದ್ದವು. ಅವಕ್ಕೆ ಅವನ ಪರಿಚಯವಿಲ್ಲ, ಇದ್ದರೂ ಉಪಕಾರ ಸ್ಮರಣೆಯೇನೂ ಇದ್ದಂತಿರಲಿಲ್ಲ. ಕೊಟ್ಟದ್ದನ್ನು ತಿಂದು, ಉಳಿದದ್ದನ್ನು ಎತ್ತಿಟ್ಟಿದ್ದವು. ಮೋಸ ಮಾಡುವುದು ಅವುಗಳ ಕೆಲಸವಾಗಿರಲಿಲ್ಲ. ಅವನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು ಸೀಸೆಯನ್ನು ಬಿಟ್ಟ. ಬಿಡುವ ಕೊನೆಯ ಗಳಿಗೆಯಲ್ಲಿ ಕೈ ತಾನಾಗಿಯೇ ಅತ್ತ ಸರಿಯಿತೇನೋ, ಸೀಸೆ ಕಲ್ಲಿಗೆ ತಾಗದೆ ಬಚ್ಚಲ ನೀರು ಹರಿದು ಮೆತ್ತಗಾಗಿದ್ದ ಮಣ್ಣಿನ ಮೇಲೆ ಬಿದ್ದು ಉರುಳಿ ನಿಂತಿತು. ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ಅಂಜನಮ್ಮ ಬಗ್ಗಿ ನೋಡಿ, ಒಡೀಲಿಲ್ಲ ಬಿಡಿ ಸಾರ್, ಪುಣ್ಯ ಮಾಡಿದ್ರಿ, ಒಳ್ಳೆ ಜೇನು ಎಂದಳು. ಅವನು ಹೂಂ ಅಂದ. ಮಣ್ಣು ಒರೆಸಿ ಸೀಸೆಯನ್ನು ಹಿಡಿದುಕೊಂಡು ಒಗೆಯುವ ಕಲ್ಲಿನ ಮೇಲೆ ಕೂತ. ಒಂದು ಸೀಸೆ ಒಡೆಯುವುದಕ್ಕೂ ಆಗದವನು ಎಂದು ತನ್ನನ್ನು ಬಯ್ದುಕೊಳ್ಳುವುದರಲ್ಲಿ ಕೂಡ ಮೊದಲಿನ ಚುರುಕಿರಲಿಲ್ಲ. ಬಹಳ ದಣಿವಾಗಿತ್ತು. ಹೇಳಿಬಿಡಬೇಕು ಅನ್ನಿಸಿದ್ದು ಧೈರ್ಯ ಬಂದು ಅಲ್ಲ, ಬಚ್ಚಿಡುವ ಕೆಲಸವನ್ನು ಇನ್ನೊಂದು ದಿನ ಮಾಡಲು ತ್ರಾಣವಿಲ್ಲದೆ.

ಹೊತ್ತು ಇಳಿದಾಗ ಶಿವಕ್ಕ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ದೇವರಮೂಲೆಯಲ್ಲಿ ಚಾಪೆ ಹಾಸಿ ಕೂತು ದೀಪದ ಬತ್ತಿ ಸರಿಮಾಡುತ್ತಿದ್ದಳು. ಅವಳ ಬಲಕ್ಕೆ ದಿನಬಳಕೆಯ ಸೀಸೆ ಇತ್ತು, ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಅವನು ಎದುರಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತ. ಆ ಹೊತ್ತಿನಲ್ಲಿ ಅವನು ಅಲ್ಲಿ ಕೂರುವವನಲ್ಲ. ಅವಳು ಬತ್ತಿ ಬಿಟ್ಟು ನೋಡಿದಳು.

"ಅಕ್ಕ, ಆ ಸೀಸೆ ಮಠಕ್ಕ ಕಳಸಾದು ಬ್ಯಾಡ."

"ಯಾಕ, ಬ್ಯಾರೆ ಯಾರಿಗಾರ ಮಾತು ಕೊಟ್ಟೀಯೇನು?"

"ಅದ್ರಾಗ ಸಕ್ಕರಿ ಐತಿ."

ಅವಳಿಗೆ ತಿಳಿಯಲಿಲ್ಲ. ನೀನು ಬೆರಸಿದ್ಯಾ ಎಂದು ಕೇಳಿದಳು, ಬಯ್ಯುವ ದನಿಯಲ್ಲಲ್ಲ, ಹಾಲಿಗೆ ನೀರು ಬಿತ್ತೇ ಎಂದು ಕೇಳುವಷ್ಟು ಸಾಧಾರಣವಾಗಿ. ನಾನಲ್ಲ, ಹುಳ ಎಂದು ಅವನ ಬಾಯಿಂದ ಬಂದುಬಿಟ್ಟಿತು. ಅಂದ ಮೇಲೆ ನಾಚಿಕೆಯಾಗಿ, ಮೊದಲಿಂದ ಹೇಳಿದ. ಮಳೆಗಾಲದ ಚಿಪ್ಪು, ಹೂವಿಲ್ಲದ ಹೊಲ, ಮೇಲಿನ ಕೋಣೆ ಇಟ್ಟ ಮೇಲೂ ಒಂದಕ್ಕೆರಡು ಮಾಡಿದ್ದು. ಅವಳು ಸೀಸೆಯ ತಳ ಕೆರೆಯುತ್ತಿದ್ದುದನ್ನು ಮಾತ್ರ ಹೇಳಲಿಲ್ಲ, ತಪ್ಪನ್ನು ಅವಳ ಮೇಲೆ ಹೊರಿಸಿದಂತಾಗುತ್ತದೆ ಎಂದು. ಅಡಿಗೆಮನೆಯಲ್ಲಿ ಕೊಬ್ಬರಿ ಹೆಚ್ಚುವ ಸದ್ದು ನಿಂತಿತ್ತು. ಶಿವಕ್ಕ ಪೂರ್ತಿ ಕೇಳಿಸಿಕೊಂಡಳು. ತನ್ನ ಪಕ್ಕದ ಸೀಸೆಯ ಕಡೆ ಒಮ್ಮೆ ನೋಡಿದಳು.

"ಮಳೆಗಾಲದಾಗ ನೀನು ಸಕ್ಕರಿ ಕೊಡದಿದ್ರ ಹುಳ ಏನಾಗ್ತಿದ್ವು?"

"ಸಾಯ್ತಿದ್ವು."

"ಹಂಗಾರ ಕೊಟ್ಟಿದ್ದು ತಪ್ಪಲ್ಲ ಬಿಡು. ಜೀವ ಉಳಿಸಾಕ ಕೊಟ್ಟಿ. ಮುಂದಿಂದು ನಿಂಗ ತಿಳೀಲಿಲ್ಲ."

ಅಷ್ಟು ಸುಲಭವಾಗಿ ಮುಗಿದೀತೆಂದು ಅವನು ಎಣಿಸಿರಲಿಲ್ಲ. ಎರಡು ತಿಂಗಳು ಹೊತ್ತು ತಿರುಗಿದ್ದು ಇಷ್ಟೇ ಏನು, ಇವಳ ಮುಂದೆ ಐದು ನಿಮಿಷ ಕೂತಿದ್ದರೆ ಸಾಕಾಗಿತ್ತಲ್ಲ ಎಂದು ತನ್ನ ಹೆಡ್ಡತನಕ್ಕೆ ನಗಬೇಕೆನ್ನಿಸಿತು. ಅವಳು ಸೆರಗಿನಿಂದ ದೀಪದ ಕಂಬದ ಎಣ್ಣೆ ಒರೆಸಿದಳು. ಆಮೇಲೆ, ಮರೆತಿದ್ದೇನನ್ನೋ ಕೇಳುವಂತೆ, ನಿಂಗ ಯಾವತ್ತು ಗೊತ್ತಾತು ಎಂದು ಕೇಳಿದಳು. ಇವತ್ತು ಎನ್ನಬಹುದಾಗಿತ್ತು. ಇವತ್ತೇ ದೊಡ್ಡಹನುಮಯ್ಯ ಸಿಕ್ಕಿದ್ದ ಎಂಬ ಇಡೀ ವಾಕ್ಯ ಅವನ ನಾಲಗೆಯ ಮೇಲೆ ಸಿದ್ಧವಾಗಿ ಬಂದು ನಿಂತಿತು, ಅದನ್ನು ಅವನು ನುಂಗಿದ.

"ದೀಪಾವಳಿ ದಿನ."

ಶಿವಕ್ಕ ಹೆಬ್ಬೆರಳನ್ನು ಕಿರುಬೆರಳಿನ ಗೆಣ್ಣಿನ ಮೇಲಿಟ್ಟು ಒಂದೊಂದೇ ಗೆಣ್ಣು ಸರಿಸುತ್ತ ಹೋದಳು. ಅವಳು ದಿನಗಳನ್ನು ಎಣಿಸುತ್ತಿರಲಿಲ್ಲ. "ಕಾರ್ತಿಕದಾಗ ನಾಕು," ಎಂದಳು. ಬೆರಳು ಮತ್ತೆ ಸರಿಯಿತು. "ಇವತ್ತಿಂದೂ ಸೇರಿ ಒಂಬತ್ತು ಸೋಮವಾರ." ಬೆರಳನ್ನು ಅಲ್ಲಿಯೇ ಒತ್ತಿಹಿಡಿದು ಕೂತಳು. ಅವನಿಗೆ ಆಗ ತಿಳಿಯಿತು. ಸಕ್ಕರೆಯ ಮಾತು ಮುಗಿದಿತ್ತು. ಇದು ಬೇರೆ ಮಾತು. ಮೂವತ್ತು ವರ್ಷ ಅವಳು ಬಿಟ್ಟಿದ್ದದ್ದನ್ನು ಹುಳಗಳು ತಿಳಿಯದೆ ತಿನ್ನಿಸಿದ್ದವು, ತಮ್ಮ ತಿಳಿದು ತಿನ್ನಿಸಿದ್ದ. ಉಪವಾಸ ಕೂತೀಯೆಂದು ಹೆದರಿದ್ದೆ ಅಕ್ಕ ಎಂದು ಅವನು ಹೇಳಿದ್ದು ಅವನ ಕಿವಿಗೇ ಬೇರೆ ಯಾರೋ ಹೇಳಿಕೊಟ್ಟ ಮಾತಿನಂತೆ ಕೇಳಿಸಿತು. ಅವನು ಎದ್ದು ಬಂದು ಸೀಸೆಗೆ ಕೈ ಚಾಚಿದ.

"ಕೊಡು, ಚೆಲ್ಲಿ ಬರ್ತೀನಿ."

"ಕೈ ಹಚ್ಚಬ್ಯಾಡ." ದನಿ ಏರಿರಲಿಲ್ಲ. "ನೀ ತಂದುಕೊಟ್ಟ ದಿನಾನೇ ಇಡೀ ಸೀಸೆ ಲಿಂಗಕ್ಕ ತೋರಿಸೀನಿ. ಅದೀಗ ಪ್ರಸಾದ. ಪ್ರಸಾದ ಚೆಲ್ಲಂಗಿಲ್ಲ. ಕಪಾಟಿನಾಗಿಂದು ಏನಾರ ಮಾಡ್ಕ, ಅದನ್ನ ತೋರಿಸಿಲ್ಲ."

ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ, ನೆಲಕ್ಕೆ ಬಿದ್ದ ಅಗುಳನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವ ಹೆಂಗಸು ಅವಳು. ಹಾಗಾದರೆ ತಾನೇ ತಿಂದು ಮುಗಿಸುತ್ತೇನೆ, ಪ್ರಸಾದ ಯಾರು ತಿಂದರೂ ಪ್ರಸಾದವೇ ಅಲ್ಲವೇ ಎಂದ. ಇವತ್ತು ರಾತ್ರಿಯೇ ಪೂರ್ತಿ ಮುಗಿಸಿಬಿಡುವವನ ಹಾಗೆ ಆತುರದಿಂದ ಅಂದ.

"ನೀನು ತಿಂದ್ರ ಸಕ್ಕರಿ ತಿಂದಂಗ ಆಕ್ಕತಿ ರೇವಣ್ಣ. ನಿಂಗದು ರೂಢಿ ಐತಿ."

ಅವಳು ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡಳು. ಇದು ಮುಗಿದ ಮೇಲೆ ಉಪವಾಸದ ಮಾತು ಬರಬಹುದೆಂದು ಅವನು ಯೋಚಿಸುತ್ತಿದ್ದ. ದಿನಕ್ಕೆರಡು ಚಮಚದಂತೆ ಈ ಸೀಸೆ ಇನ್ನೂ ಎಷ್ಟು ದಿನ ಬಂದೀತೆಂದೂ ಯೋಚಿಸುತ್ತಿದ್ದ. ಶಿವರಾತ್ರಿಯ ತನಕ ಬರಬಹುದು. ಅಲ್ಲಿ ನಿಲ್ಲಲಾರದೆ ಅಡಿಗೆಮನೆಯ ಕಡೆ ಹೆಜ್ಜೆ ಹಾಕಿದ.

"ಎಲ್ಲಿಗೆ ಹೊಂಟಿ?" ಎಂದಳು ಶಿವಕ್ಕ. "ಕೂತ್ಕ. ಇಷ್ಟು ದಿನ ನೋಡಿದ್ದೀಯಲ್ಲ. ಮುಗಿಯಾತನ ದಿನಾ ಬಂದು ಕೂತು ನೋಡು."

ಅವನು ಕೂತ. ಅವಳು ಸೀಸೆಯ ಮುಚ್ಚಳ ತಿರುಗಿಸಿ, ಒಂದು ಚಮಚ ತೆಗೆದು, ಅಂಗೈಯ ಲಿಂಗಕ್ಕೆ ತೋರಿಸಿ, ಅವನನ್ನೇ ನೋಡುತ್ತ ಬಾಯಿಗೆ ಇಟ್ಟುಕೊಂಡಳು.